ಯಾವುದರ ಹಿಂದೆ ಯಾವುದು

ಇತಿಹಾಸ ಕಲಿಸುವವರಿಗೆ ಒಂದು ದೂರು ಖಾಯಂ. ಮದುವೆಮನೆಯಲ್ಲೋ ಬಸ್ಸಿನಲ್ಲೋ ಪರಿಚಯವಾದ ಹೆಂಗಸರು, “ನೀವು ಯಾವ ಸಬ್ಜೆಕ್ಟು?” ಎಂದು ಕೇಳುತ್ತಾರೆ. “ಇತಿಹಾಸ” ಎಂದೊಡನೆ “ಅಯ್ಯೋ, ಆ ಇಸವಿಗಳು!” ಎಂದು ಹಣೆ ಮುಟ್ಟಿಕೊಳ್ಳುತ್ತಾರೆ. ಶಾಲೆ ಬಿಟ್ಟು ಮೂವತ್ತು ವರ್ಷವಾದರೂ ಆ ಇಸವಿಗಳ ಭಯ ಹೋಗಿರುವುದಿಲ್ಲ. ಯಾವ ಯುದ್ಧ ಯಾವಾಗ ಆಯಿತೆಂಬುದು ಮರೆತುಹೋದರೆ ನನಗೆ ಬೇಸರವಿಲ್ಲ. ಯಾವುದರ ಹಿಂದೆ ಯಾವುದು ಬಂತು, ಯಾವುದು ಇಲ್ಲದಿದ್ದರೆ ಯಾವುದು ಬರುತ್ತಿರಲಿಲ್ಲ ಎಂಬ ಎಳೆ ಮಾತ್ರ ಕೈತಪ್ಪಬಾರದು. ಆ ಎಳೆ ತಪ್ಪಿದರೆ ಇತಿಹಾಸವೆಂಬುದು ದಾರ ಹರಿದ ಮಣಿಸರ. ಮಣಿಗಳೆಲ್ಲ ಇವೆ, ಕೊರಳಿಗೆ ಹಾಕಿಕೊಳ್ಳುವಂತಿಲ್ಲ.

ಈ ಎಳೆಯನ್ನು ಮಕ್ಕಳಿಗೆ ಕಣ್ಣಿಗೆ ಕಾಣುವಂತೆ ತೋರಿಸುವುದು ಹೇಗೆ ಎಂದು ಬಹಳ ವರ್ಷ ಯೋಚಿಸಿದ್ದೇನೆ. ಉತ್ತರದ ಒಂದು ತುದಿ ಸಿಕ್ಕಿದ್ದು ನಾನು ನಿರೀಕ್ಷಿಸದ ಕಡೆ. ಕಂಪ್ಯೂಟರ್ ಆಟ ಆಡುವ ಹುಡುಗರು ಗೋಡೆಗೆ ಅಂಟಿಸಿಕೊಳ್ಳುವ ಒಂದು ಚಾರ್ಟಿನಲ್ಲಿ.

ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮನೆ ಇದೆ. ಅವಳ ಮಗ ಇಂಜಿನಿಯರಿಂಗ್ ಓದುವಾಗ ಅವನ ಮೇಜಿನ ಮೇಲ್ಗಡೆ ದೊಡ್ಡದೊಂದು ಹಾಳೆ ತೂಗುತ್ತಿತ್ತು. ಸಣ್ಣ ಸಣ್ಣ ಚೌಕಗಳು, ಚೌಕದಿಂದ ಚೌಕಕ್ಕೆ ಗೆರೆಗಳು. ಪರೀಕ್ಷೆಗೆ ಸಂಬಂಧಿಸಿದ್ದೇನೋ ಎಂದುಕೊಂಡು ಕೇಳಿದೆ. “ಅಲ್ಲ ದೊಡ್ಡಮ್ಮ, ಇದು ಆಟದ್ದು. ಟೆಕ್ನಾಲಜಿ ಟ್ರೀ ಅಂತಾರೆ. ಇದಿಲ್ಲದಿದ್ರೆ ಆಡೋದು ಕಷ್ಟ” ಎಂದ. ತಂಗಿ ಅಡುಗೆಮನೆಯಿಂದಲೇ, “ದೇವರ ಪಟ ಹಾಕೋ ಅಂದ್ರೆ ಇದನ್ನ ಹಾಕ್ಯಾನ ನೋಡು” ಎಂದಳು. ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ.

ತಂತ್ರದ ಆಟಗಳು ಎಂಬ ಒಂದು ಜಾತಿಯ ಆಟಗಳಿವೆ. ಅವುಗಳಲ್ಲಿ ಆಡುವವನ ಕೈಗೆ ಒಂದು ಸಣ್ಣ ಜನಸಮೂಹವನ್ನು ಕೊಡುತ್ತಾರೆ. ಅವನು ಅವರಿಂದ ಬೆಳೆ ತೆಗೆಸಬೇಕು, ಮರ ಕಡಿಸಬೇಕು, ಊರು ಕಟ್ಟಿಸಬೇಕು, ವೈರಿಗಳಿಂದ ಕಾಪಾಡಬೇಕು. ಜೊತೆಗೆ ಹೊಸ ಹೊಸ ವಿದ್ಯೆಗಳನ್ನು ಕಲಿಸಬೇಕು. ಆದರೆ ಯಾವ ವಿದ್ಯೆಯೂ ಸುಮ್ಮನೆ ಸಿಗುವುದಿಲ್ಲ. ಒಂದು ಬೇಕಾದರೆ ಅದಕ್ಕಿಂತ ಮೊದಲು ಇನ್ನೊಂದು ಬಂದಿರಬೇಕು. ಅಕ್ಷರಮಾಲೆ ಬಾರದೆ ಬರವಣಿಗೆ ಇಲ್ಲ, ಬರವಣಿಗೆ ಬಾರದೆ ಗ್ರಂಥಾಲಯ ಇಲ್ಲ. ಕುಂಬಾರಿಕೆ ಬಂದ ಮೇಲೆ ಕಣಜ, ಕಲ್ಲುಗಾರಿಕೆ ಬಂದ ಮೇಲೆ ಕೋಟೆಗೋಡೆ. ಇಂಥ ಹತ್ತಾರು ವಿದ್ಯೆಗಳು, ಅವುಗಳ ನಡುವೆ ನೂರಾರು ಗೆರೆಗಳು. ತಲೆಯಲ್ಲಿ ಇಟ್ಟುಕೊಳ್ಳುವುದು ಯಾರಿಂದಲೂ ಆಗದು. ಅದಕ್ಕೇ ಚಾರ್ಟು.

ಹುಡುಗ ಅದನ್ನು ಓದುವ ಕ್ರಮ ನನಗೆ ಹಿಡಿಸಿತು. ನಾವು ಪುಸ್ತಕ ಓದುವಂತೆ ಎಡದಿಂದ ಬಲಕ್ಕೆ ಅವನು ಓದುತ್ತಿರಲಿಲ್ಲ. ತನಗೆ ಬೇಕಾದದ್ದರ ಮೇಲೆ ಮೊದಲು ಬೆರಳಿಟ್ಟು ಅಲ್ಲಿಂದ ಹಿಂದಕ್ಕೆ ಬರುತ್ತಿದ್ದ. “ನನಗೆ ಫಿರಂಗಿ ಬೇಕು. ಫಿರಂಗಿಗೆ ರಸಾಯನಶಾಸ್ತ್ರ ಬೇಕು. ಅದಕ್ಕೆ ವಿಶ್ವವಿದ್ಯಾಲಯ ಕಟ್ಟಬೇಕು. ಅದು ಕಟ್ಟೋಕೆ ಕೋಟೆಗಳ ಯುಗಕ್ಕೆ ಏರಬೇಕು. ಏರೋಕೆ 800 ಆಹಾರ, 200 ಚಿನ್ನ ಕೊಡಬೇಕು. ಅಂದ್ರೆ ದೊಡ್ಡಮ್ಮ, ಈಗ ನಾನು ಮಾಡಬೇಕಾದ್ದು ಹೊಲ.”

ಫಿರಂಗಿಯಿಂದ ಹೊರಟು ಹೊಲಕ್ಕೆ ಬಂದು ನಿಂತ! ಇದು ನಮಗೆ ಹೆಂಗಸರಿಗೆ ಹೊಸ ಲೆಕ್ಕವೇನಲ್ಲ. ನಾಳೆ ಮಧ್ಯಾಹ್ನ ಎಲೆಯ ಮೇಲೆ ಹೋಳಿಗೆ ಇರಬೇಕಾದರೆ ಹೂರಣ ಬೇಕು, ಹೂರಣಕ್ಕೆ ಬೇಳೆ ಬೇಯಬೇಕು, ಕಣಕ ಮೊದಲೇ ಕಲಸಿ ನೆನೆಯಬೇಕು, ಬೆಲ್ಲ ಮನೆಯಲ್ಲಿರಬೇಕು. ಬೆಲ್ಲ ಇಲ್ಲವೆಂಬುದು ಹಿಂದಿನ ಸಂಜೆಯೇ ನೆನಪಾಗಬೇಕು. ಇಡೀ ಜೀವಮಾನ ಹೀಗೆ ಎಲೆಯಿಂದ ಅಂಗಡಿಯವರೆಗೆ ಹಿಂದಕ್ಕೆ ಯೋಚಿಸಿಯೇ ಸಂಸಾರ ನಡೆಸಿದ್ದೇವೆ. ಅದನ್ನು ಯಾರೂ ಚಾರ್ಟು ಮಾಡಿ ಗೋಡೆಗೆ ತೂಗುಹಾಕಲಿಲ್ಲ, ಅಷ್ಟೆ.

ಈ ಚಾರ್ಟಿಗೂ ಒಂದು ಚರಿತ್ರೆ ಇದೆ. 1980ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ ಎಂಬವರು ‘ಸಿವಿಲೈಸೇಷನ್’ ಎಂಬ ಆಟವನ್ನು ತಂದರು. ಕಂಪ್ಯೂಟರ್ ಇಲ್ಲದ, ಮೇಜಿನ ಮೇಲೆ ಹಾಸಿ ಆಡುವ ಆಟ ಅದು. ಕೃಷಿ, ಕುಂಬಾರಿಕೆ, ಕಾನೂನು ಮೊದಲಾದ ವಿದ್ಯೆಗಳು ಅದರಲ್ಲಿ ಇಸ್ಪೀಟಿನಂಥ ಎಲೆಗಳ ರೂಪದಲ್ಲಿದ್ದವು. ಒಂದನ್ನು ಕೊಂಡವನಿಗೆ ಅದಕ್ಕೆ ನಂಟಿರುವ ಇನ್ನೊಂದು ಅಗ್ಗವಾಗಿ ಸಿಗುತ್ತಿತ್ತು. ಕಲಿತವನಿಗೆ ಮುಂದಿನ ಕಲಿಕೆ ಸುಲಭ ಎಂಬ ನಮ್ಮ ಮೇಷ್ಟರುಗಳ ಮಾತನ್ನೇ ಅವರು ಆಟದ ನಿಯಮ ಮಾಡಿದ್ದರು. 1991ರಲ್ಲಿ ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಅದೇ ಹೆಸರಿನ ಕಂಪ್ಯೂಟರ್ ಆಟ ಮಾಡಿದರು. ಕ್ರಿಸ್ತಪೂರ್ವ 4000ದಿಂದ ಶುರುವಾಗುವ ಆ ಆಟದಲ್ಲಿ ಅರವತ್ತಕ್ಕೂ ಹೆಚ್ಚು ವಿದ್ಯೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಭಾರತದ ನಾಯಕರಾಗಿ ಅದರಲ್ಲಿ ಮಹಾತ್ಮ ಗಾಂಧಿಯವರಿದ್ದರು! 1997ರಲ್ಲಿ ‘ಏಜ್ ಆಫ್ ಎಂಪೈರ್ಸ್’ ಬಂತು, 1999ರಲ್ಲಿ ಅದರ ಎರಡನೆಯ ಭಾಗ. ಇಂಥ ಆಟಗಳ ಪೆಟ್ಟಿಗೆಯೊಳಗೆ ಮಡಚಿದ ಚಾರ್ಟನ್ನೂ ಇಟ್ಟು ಮಾರುತ್ತಿದ್ದರು. ಆಟ ಮುಗಿದರೂ ಹುಡುಗರು ಚಾರ್ಟನ್ನು ಜೋಪಾನ ಮಾಡುತ್ತಿದ್ದರು.

ಇದನ್ನು ಮರ ಎಂದು ಯಾಕೆ ಕರೆದರೋ. ಮರದಲ್ಲಿ ಕೊಂಬೆಗಳು ಕವಲೊಡೆಯುತ್ತವೆ, ಮತ್ತೆ ಕೂಡುವುದಿಲ್ಲ. ಇಲ್ಲಿ ಎರಡು ವಿದ್ಯೆಗಳು ಕೂಡಿ ಮೂರನೆಯದು ಹುಟ್ಟುತ್ತದೆ. ಮರವೇ ಆಗಬೇಕೆಂದರೆ ಇದು ನಮ್ಮ ಆಲದ ಮರ. ಬಿಳಲು ಇಳಿದು ನೆಲ ಹಿಡಿದು ತಾನೂ ಒಂದು ಕಾಂಡವಾಗುತ್ತದೆ. ಯಾವುದು ಬೇರು, ಯಾವುದು ಕೊಂಬೆ ಎಂದು ಕೆಲವು ಕಾಲದ ಮೇಲೆ ಹೇಳುವುದು ಕಷ್ಟ.

ಆಟಕ್ಕೆ ಪಟ ಎಂಬುದು ನಮ್ಮ ಮನೆಗಳಿಗೂ ಹೊಸದಲ್ಲ. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಪರಮಪದ ಸೋಪಾನ ಪಟ ಹಾಸಿ ಆಡುತ್ತಿದ್ದ ಮನೆಗಳು ಎಷ್ಟೋ ಇದ್ದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಆಟಗಳ ದೊಡ್ಡ ರಸಿಕರು. ತಾವೇ ಹೊಸ ಆಟಗಳನ್ನು ಕಲ್ಪಿಸಿದವರು. ಪರಮಪದದ ಪಟದಲ್ಲೂ ಮನೆಗಳಿವೆ, ಏಣಿಗಳಿವೆ, ಯಾವ ಗುಣದಿಂದ ಎಲ್ಲಿಗೆ ಏರಬಹುದೆಂಬ ಲೆಕ್ಕವಿದೆ. ಆದರೆ ಅಲ್ಲಿ ಏರಿಸುವುದೂ ಇಳಿಸುವುದೂ ಕವಡೆ. ಏಣಿಯ ಬುಡ ಕಣ್ಣೆದುರಿಗಿದ್ದರೂ ಗರ ಬೀಳದಿದ್ದರೆ ಏರುವಂತಿಲ್ಲ. ಹುಡುಗನ ಚಾರ್ಟಿನಲ್ಲಿ ಕವಡೆ ಇಲ್ಲ. ಏಣಿ ಎಲ್ಲಿದೆಯೆಂದು ತಿಳಿದವನು ಅದರ ಬುಡಕ್ಕೆ ನಡೆದುಕೊಂಡು ಹೋಗಬಹುದು. ಹಣೆಬರಹ ಎಂದು ಕೈಕಟ್ಟಿ ಕೂರುವುದಕ್ಕೂ, ಮೊದಲು ಏನು ಬೇಕು ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ ಎಂದು ನನಗನ್ನಿಸಿತು.

ಹಾಗೆಂದು ಆ ಚಾರ್ಟು ಹೇಳುವುದೆಲ್ಲ ಇತಿಹಾಸವಲ್ಲ. ಎರಡು ದಿನ ಅದನ್ನು ನೋಡಿದ ಮೇಲೆ ನನ್ನೊಳಗಿನ ಮಾಸ್ತರಿಣಿ ಎದ್ದು ಕೂತಳು.

‘ಏಜ್ ಆಫ್ ಎಂಪೈರ್ಸ್’ ಮೊದಲ ಭಾಗದಲ್ಲಿ ಶಿಲಾಯುಗ, ಆಯುಧಗಳ ಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂದು ನಾಲ್ಕು ಮೆಟ್ಟಿಲುಗಳಿವೆ. ಕಂಚಿನ ಮೆಟ್ಟಿಲು ಹತ್ತದೆ ಕಬ್ಬಿಣಕ್ಕೆ ಹೋಗುವಂತಿಲ್ಲ. ಕಲ್ಲು, ಕಂಚು, ಕಬ್ಬಿಣ ಎಂಬ ಈ ಸಾಲು ಬಂದದ್ದು ಡೆನ್ಮಾರ್ಕಿನಿಂದ. ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ತಾಮ್ಸೆನ್ ಎಂಬ ವಿದ್ವಾಂಸರು ಅಲ್ಲಿನ ಹಳೆಯ ಸಾಮಾನುಗಳನ್ನು ಹೀಗೆ ಮೂರು ಗುಂಪು ಮಾಡಿ ಜೋಡಿಸಿದರು. 1836ರಲ್ಲಿ ಅದರ ವಿವರ ಪುಸ್ತಕವಾಗಿ ಬಂತು. ಅವರ ದೇಶಕ್ಕೆ ಅದು ಸರಿಯಾಗಿತ್ತು. ಆದರೆ ನಮ್ಮ ದಕ್ಷಿಣದಲ್ಲಿ ಕಂಚಿನ ಯುಗವೆಂದು ಬೇರೆಯಾಗಿ ಕರೆಯಬಹುದಾದ ಘಟ್ಟವೇ ಇಲ್ಲ. ಪಕ್ಕದ ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯಲ್ಲಿ ಹಳ್ಳೂರು ಎಂಬ ಊರಿದೆ. 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಅಲ್ಲಿ ಉತ್ಖನನ ಮಾಡಿದರು. ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ನೆಲೆಯ ಮೇಲಿನ ಪದರಿನಲ್ಲೇ ಕಬ್ಬಿಣ ಸಿಕ್ಕಿತು. ಅದರ ಕಾಲ ಸುಮಾರು ಕ್ರಿಸ್ತಪೂರ್ವ 1000 ಎಂದು ಲೆಕ್ಕ ಹಾಕಿದರು. ತಾಮ್ರದ ಕೆಲವು ಸಾಮಾನುಗಳು ಆ ಜನರ ಬಳಿ ಇದ್ದವು, ನಿಜ. ಆದರೆ ಕಂಚಿನ ಮೆಟ್ಟಿಲಿಗಾಗಿ ಅವರು ಕಾಯಲಿಲ್ಲ. ಕಲ್ಲಿನಿಂದ ನೇರ ಕಬ್ಬಿಣಕ್ಕೆ ಕಾಲಿಟ್ಟರು. ಮಳಗಿಯ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರು ದೊಡ್ಡ ಚಾರ್ಟನ್ನು ಸುಳ್ಳು ಮಾಡಿದರೆ ಯಾರಿಗೆ ಸಂತೋಷವಾಗುವುದಿಲ್ಲ?

ಇನ್ನೊಂದು. ಸಿಡ್ ಮೈಯರ್ ಅವರ ಆಟದಲ್ಲಿ ರಾಕೆಟ್ಟಿನ ವಿದ್ಯೆ ವಿಮಾನ ಬಂದ ನಂತರವೇ ಸಿಗುತ್ತದೆ. ಮೈಸೂರಿನ ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು 1780ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷರ ಮೇಲೆ ಹಾರಿಸಿತ್ತು. ರೈಟ್ ಸಹೋದರರ ವಿಮಾನ ಹಾರಿದ್ದು 1903ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳುಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಕೆಸರಿನಡಿ ಸಿಕ್ಕವು.

ಚಾರ್ಟಿನ ಮೂರನೆಯ ಕೊರತೆ ಇವೆರಡಕ್ಕಿಂತ ದೊಡ್ಡದು. ಆಟದಲ್ಲಿ ಒಮ್ಮೆ ಕಲಿತ ವಿದ್ಯೆ ಮತ್ತೆ ಕಳೆದುಹೋಗುವುದಿಲ್ಲ. ಗೆರೆಗಳೆಲ್ಲ ಮುಂದಕ್ಕೇ ಹೋಗುತ್ತವೆ. ನಿಜವಾದ ಬದುಕಿನಲ್ಲಿ ಹಾಗಲ್ಲ. ಅದಕ್ಕೆ ನಮ್ಮ ಉಕ್ಕಿನ ಕಥೆಯೇ ಸಾಕ್ಷಿ. 2022ರಲ್ಲಿ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗಕ್ಕೆ ದ್ರಾವಿಡರು ಎಂಬ ಹೊಸ ಗುಂಪನ್ನು ಸೇರಿಸಿದರು. ಅವರ ಚಾರ್ಟಿನಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಚೌಕವಿದೆ, ವೂಟ್ಸ್ ಉಕ್ಕು. ಇಂಗ್ಲಿಷಿನ ಈ ವೂಟ್ಸ್ ನಮ್ಮ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳ ಜೊತೆ ಸಣ್ಣ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸುತ್ತಿದ್ದರಂತೆ. ವಿಲಾಯಿತಿಯ ಕಾರ್ಖಾನೆಗಳ ಸರಕು ಬಂದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕುಲುಮೆಗಳು ಆರಿಹೋದವು. ಕೈಯಿಂದ ಕೈಗೆ ಬರುತ್ತಿದ್ದ ವಿದ್ಯೆ ಕೈಗಳೊಂದಿಗೇ ಹೋಯಿತು. ಹೆಸರು ಮಾತ್ರ ಆಟದ ಚೌಕದಲ್ಲಿ ಉಳಿದಿದೆ.

ಓದುವ ಗೆಳತಿಯರಿಗೆ ಇನ್ನೊಂದು ಸಂಗತಿ ಹೇಳಬೇಕು. 1997ರ ಆ ಮೊದಲ ಆಟದಲ್ಲಿ ಕೆಲಸ ಮಾಡುವ ಹಳ್ಳಿಗರೆಲ್ಲ ಗಂಡಸರು. ಹಣ್ಣು ಕೀಳುವವರೂ ಗಂಡಸರೇ, ಹೊಲ ನೋಡುವವರೂ ಗಂಡಸರೇ. ಹೆಂಗಸರು ಕಾಣಿಸಿಕೊಂಡದ್ದು 1999ರ ಎರಡನೆಯ ಭಾಗದಲ್ಲಿ. ಸಾವಿರಾರು ವರ್ಷದ ಚರಿತ್ರೆಯಲ್ಲಿ ಹೆಂಗಸರಿದ್ದರೆಂಬುದು ನೆನಪಾಗಲು ಎರಡು ವರ್ಷ ಹಿಡಿಯಿತು! ನಮ್ಮ ಪಠ್ಯಪುಸ್ತಕಗಳಿಗೆ ಹಿಡಿದ ಕಾಲಕ್ಕೆ ಹೋಲಿಸಿದರೆ ಇದು ಬೇಗ ಎಂದೇ ಹೇಳಬೇಕು. ಕುಂಬಾರಿಕೆಯ ಚೌಕದಿಂದ ಕಣಜದ ಚೌಕಕ್ಕೆ ಒಂದು ಗೆರೆ ಎಳೆದು ಆಟ ಮುಂದೆ ಹೋಗುತ್ತದೆ. ಆ ಕಣಜವನ್ನು ಸಗಣಿ ಹಾಕಿ ಸಾರಿಸಿದವರು ಯಾರು, ಕಾಳಿಗೆ ಬೇವಿನ ಸೊಪ್ಪು ಬೆರೆಸಿದವರು ಯಾರು, ದಿನಕ್ಕೆ ಎಷ್ಟು ಸೇರು ತೆಗೆದರೆ ಮುಂದಿನ ಸುಗ್ಗಿಯವರೆಗೆ ಬರುತ್ತದೆಂದು ಲೆಕ್ಕ ಇಟ್ಟವರು ಯಾರು ಎಂಬುದಕ್ಕೆ ಚೌಕವಿಲ್ಲ.

ಇಷ್ಟೆಲ್ಲ ಕೊರತೆಗಳನ್ನು ಪಟ್ಟಿ ಮಾಡಿದ ಮೇಲೂ ಆ ಚಾರ್ಟನ್ನು ಬಿಡಲು ನನಗೆ ಮನಸ್ಸು ಬರಲಿಲ್ಲ. ಹಿಂದಕ್ಕೆ ಬೆರಳು ಸರಿಸುವ ಆ ಕ್ರಮ ಇದೆಯಲ್ಲ, ಅದು ನನ್ನ ಮಕ್ಕಳಿಗೆ ಬೇಕೆನಿಸಿತು. ಒಂದು ವರ್ಷ ಒಂಬತ್ತನೆಯ ತರಗತಿಗೆ ಹೊಸ ಕೆಲಸ ಕೊಟ್ಟೆ. ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ಗೋಡೆಗೆ ಹಾಕಿದೆವು. ಬಲಗಡೆಯ ತುದಿಯಲ್ಲಿ ಒಂದೇ ಚೌಕ ಬರೆದೆ: ‘ಒಂಬತ್ತನೇ ಕ್ಲಾಸಿನಲ್ಲಿ ಕೂತಿರುವ ಹುಡುಗಿ’. ಇದಕ್ಕೆ ಮೊದಲು ಏನೇನು ಬಂದಿರಬೇಕು? ಮನೆಯಲ್ಲಿ ಕೇಳಿಕೊಂಡು ಬನ್ನಿ, ಅಜ್ಜಿಯರನ್ನು ಕೇಳುವುದು ಕಡ್ಡಾಯ ಎಂದೆ.

ಮರುದಿನ ಒಬ್ಬ ಹುಡುಗ ಎಲ್ಲಕ್ಕಿಂತ ಹಿಂದೆ ‘ಮೊಬೈಲ್’ ಎಂದು ಬರೆಯಲು ಬಂದ. “ಮೊಬೈಲಿಗೆ ಮೊದಲು ಏನು ಬೇಕೋ?” ಎಂದೆ. “ಚಾರ್ಜರ್ ಅಕ್ಕೋರೆ” ಎಂದ. ಇಡೀ ಕ್ಲಾಸು ನಕ್ಕಿತು. ಆದರೆ ಅವನ ಉತ್ತರ ಸರಿಯಾಗಿಯೇ ಇತ್ತು. ಚಾರ್ಜರಿನ ಹಿಂದೆ ಕರೆಂಟು, ಕರೆಂಟಿನ ಹಿಂದೆ ಕಂಬ, ಕಂಬದ ಹಿಂದೆ ರಸ್ತೆ ಎಂದು ಅವನೇ ಬರೆದುಕೊಂಡು ಹೋದ.

ವಾರದೊಳಗೆ ಹಾಳೆ ತುಂಬಿತು. ಅಜ್ಜಿಯರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಕಥೆ. ಕೋಳಿ ಕೂಗುವಾಗ ಎದ್ದು ಒರಳಲ್ಲಿ ಭತ್ತ ಕುಟ್ಟಬೇಕು. ಬಾವಿಯಿಂದಲೋ ಕೆರೆಯಿಂದಲೋ ನೀರು ತರಬೇಕು. ಅಡವಿಯಿಂದ ಸೌದೆ ತರಬೇಕು. ಕಂಕುಳಲ್ಲಿ ತಮ್ಮನೋ ತಂಗಿಯೋ ಇರಬೇಕು. ಆದ್ದರಿಂದ ಚೌಕಗಳು ಬಂದವು. ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ, ಬೋರ್‌ವೆಲ್ ಪಂಪು, ನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ, ಆಮೇಲೆ ಗ್ಯಾಸು. ಅಂಗನವಾಡಿ, ಏಕೆಂದರೆ ಕಂಕುಳ ಕೂಸನ್ನು ಎಲ್ಲಾದರೂ ಇಳಿಸಬೇಕಲ್ಲ. 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಕೊಡಲು ಆರಂಭಿಸಿದ ಸೈಕಲ್ಲು. 2023ರ ಜೂನ್‌ನಲ್ಲಿ ಬಂದ, ಹೆಂಗಸರಿಗೆ ದುಡ್ಡಿಲ್ಲದ ಬಸ್ಸು. ಶಾಲೆಯ ಶೌಚಾಲಯವನ್ನು ಬರೆಯಲು ಹುಡುಗಿಯರು ನಾಚಿದರು. ನಾನೇ ಬರೆದೆ, ದೊಡ್ಡ ಅಕ್ಷರದಲ್ಲಿ.

ಒಬ್ಬಳು ‘ಧರ್ಮಾ ಡ್ಯಾಮು’ ಎಂದು ಬರೆದಳು. ನಮ್ಮ ಮಳಗಿಯ ಧರ್ಮಾ ಜಲಾಶಯದ ನೀರು ಹಾನಗಲ್ಲ ಕಡೆಯ ಗದ್ದೆಗಳಿಗೆ ಹೋಗುತ್ತದೆ. ಗದ್ದೆಗೆ ನೀರು ಬಂದರೆ ಮನೆಗೆ ಅಕ್ಕಿ ಬರುತ್ತದೆ ಎಂಬುದು ಅವಳ ಗೆರೆ. ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಕೇಳಿದಳು: “ನೀರು ನಿಂತ ಜಾಗದಾಗ ಮೊದಲು ಏನಿತ್ತು ಅಕ್ಕೋರೆ?” ಆಟದಲ್ಲಿ ಪ್ರತಿ ಚೌಕಕ್ಕೂ ಬೆಲೆ ಬರೆದಿರುತ್ತದೆ, ಇಷ್ಟು ಆಹಾರ, ಇಷ್ಟು ಚಿನ್ನ ಎಂದು. ಆ ಬೆಲೆಯನ್ನು ಯಾರು ತೆತ್ತರು ಎಂದು ಬರೆದಿರುವುದಿಲ್ಲ. ಆ ದಿನದಿಂದ ನಮ್ಮ ಚಾರ್ಟಿನಲ್ಲಿ ಪ್ರತಿ ಚೌಕದ ಕೆಳಗೆ ಒಂದು ಸಾಲು ಜಾಗ ಬಿಟ್ಟೆವು, ‘ತೆತ್ತವರು’ ಎಂದು.

ಚಾರ್ಟಿನ ನಿಜವಾದ ಪಾಠ ಬಂದದ್ದು ಅಕ್ಕಿ ಗಿರಣಿಯಿಂದ. ಗಿರಣಿಯಿಂದ ಶಾಲೆಗೆ ನೇರ ಗೆರೆ ಎಳೆದಿದ್ದರು. ಕುಟ್ಟುವ ಹೊತ್ತು ಉಳಿಯಿತು, ಹುಡುಗಿ ಶಾಲೆಗೆ ಹೋದಳು ಎಂದು. ನಮ್ಮಿಂದ ಒಳಗಿನ ಸಣ್ಣ ಹಳ್ಳಿಯ ಒಬ್ಬ ಹುಡುಗಿ ಎದ್ದು ನಿಂತಳು. “ನಮ್ಮಜ್ಜಿ ಹಂಗಲ್ಲ ಅಂತಾಳ್ರಿ. ಗಿರಣಿ ಬಂದ ಮ್ಯಾಲೆ ಆಕಿನ್ನ ಕೂಲಿಗೆ ಕಳಿಸಿದ್ರಂತ. ಉಳದ ಹೊತ್ತು ಆಕಿಗೆ ಸಿಗಲಿಲ್ಲಂತ್ರಿ.” ಕ್ಲಾಸು ಸುಮ್ಮನಾಯಿತು. ಹಾಗಾದರೆ ಗೆರೆ ಅಳಿಸಬೇಕೇ ಎಂದು ಯಾರೋ ಕೇಳಿದರು. ಅಳಿಸುವುದು ಬೇಡ, ನಡುವೆ ಒಂದು ಚೌಕ ತಪ್ಪಿಹೋಗಿದೆ, ಅದು ಯಾವುದು ಹೇಳಿ ಎಂದೆ. ಬಹಳ ಹೊತ್ತು ಯೋಚಿಸಿದರು. ಕೊನೆಗೆ ಆ ಹುಡುಗಿಯೇ ಹೇಳಿದಳು, “ಮನಸ್ಸು.” ಯಂತ್ರ ಹೊತ್ತನ್ನು ಉಳಿಸುತ್ತದೆ. ಉಳಿದ ಹೊತ್ತು ಯಾರಿಗೆ ಎಂದು ಗೊತ್ತುಮಾಡುವುದು ಮನೆಯವರ ಮನಸ್ಸು. ಹುಡುಗಿ ಓದಲಿ ಎಂದು ಯಾರಾದರೂ ಒಬ್ಬರು ಅನ್ನದಿದ್ದರೆ ಗಿರಣಿ, ನಲ್ಲಿ, ಗ್ಯಾಸು ಎಲ್ಲ ಇದ್ದೂ ಬಲತುದಿಯ ಚೌಕ ಖಾಲಿಯೇ. ಆಟ ಮಾಡಿದವರ ಯಾವ ಚಾರ್ಟಿನಲ್ಲೂ ಈ ಚೌಕವನ್ನು ನಾನು ಕಂಡಿಲ್ಲ. ಅಲ್ಲಿ ಆಡುವವನ ಮನಸ್ಸೇ ಎಲ್ಲವನ್ನೂ ನಡೆಸುವುದರಿಂದ ಅದನ್ನು ಬೇರೆ ಬರೆಯುವ ಅಗತ್ಯ ಬೀಳುವುದಿಲ್ಲವೇನೋ.

ಆ ಹುಡುಗಿ ಹತ್ತನೆಯ ತರಗತಿಗೆ ಬಂದಳು. ಜಾಣೆ. ಶಿರಸಿಯಲ್ಲಿ ಪಿಯುಸಿ ವಿಜ್ಞಾನ ಓದಿ ನರ್ಸಿಂಗ್ ಮಾಡಬೇಕೆಂಬುದು ಅವಳ ಆಸೆ. ಮನೆಯಲ್ಲಿ ಹತ್ತಕ್ಕೇ ಸಾಕು ಎಂದಿದ್ದರು. ಒಂದು ಸಂಜೆ ನೋಟುಬುಕ್ಕಿನ ನಡುಹಾಳೆ ಬಿಚ್ಚಿ ತೋರಿಸಿದಳು. ತನ್ನದೇ ಒಂದು ಚಾರ್ಟು ಬರೆದುಕೊಂಡಿದ್ದಳು. ಬಲತುದಿಯಲ್ಲಿ ‘ನರ್ಸ್’. ಅಲ್ಲಿಂದ ಹಿಂದಕ್ಕೆ ಪಿಯುಸಿ, ಅದರ ಹಿಂದೆ ಎಸ್ಸೆಸ್ಸೆಲ್ಸಿ ಅಂಕ, ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ಪು, ಬಸ್ಸು. ಆಗಿರುವುದಕ್ಕೆಲ್ಲ ಪೆನ್ಸಿಲಿನಲ್ಲಿ ಬಣ್ಣ ತುಂಬಿದ್ದಳು. ಬಣ್ಣವಿಲ್ಲದೆ ಉಳಿದದ್ದು ಎರಡು. ಒಂದು, ಸಂಜೆ ಕಾಲೇಜು ಬಿಟ್ಟ ಮೇಲೆ ಅವಳ ಹಳ್ಳಿಯವರೆಗೆ ಬರುವ ಬಸ್ಸಿಲ್ಲ. ಇನ್ನೊಂದು, ಮನಸ್ಸು.

“ಈ ಎರಡರಾಗ ಯಾವುದು ಮೊದಲು?” ಎಂದು ಕೇಳಿದೆ.

“ಬಸ್ಸು ಇಲ್ಲಂತ ಅಪ್ಪ ಬ್ಯಾಡ ಅಂತಾನ್ರಿ. ಬಸ್ಸಿನ ಚೌಕ ತುಂಬಿದ್ರ ಆ ಚೌಕಾನೂ ತುಂಬಬಹುದು” ಎಂದಳು. ಅಷ್ಟು ಹೊತ್ತೂ ಅವಳ ಬೆರಳು ಹಾಳೆಯ ಮೇಲೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು.

ಆ ಹಾಳೆಯನ್ನು ಮನೆಯಲ್ಲಿ ತೋರಿಸು ಎಂದೆ. ತೋರಿಸಿದಳು. ಅಪ್ಪ ಬಹಳ ಹೊತ್ತು ನೋಡಿದರಂತೆ. ಅಲ್ಲಿಯವರೆಗೆ ಅವರಿಗೆ ಓದು ಎಂದರೆ ಕೊನೆಯೇ ಕಾಣದ ಒಂದು ದಾರಿ. ಈಗ ಅದು ಎಣಿಸಬಹುದಾದ ಮನೆಗಳಾಗಿ ಕಣ್ಣೆದುರಿಗೆ ಬಂತು. ಮಾತಾಡಿದವಳು ಮಾತ್ರ ಅಜ್ಜಿ. ಓದು ಬಾರದ ಆಕೆ ಮೊಮ್ಮಗಳಿಂದ ಒಂದೊಂದು ಚೌಕವನ್ನೂ ಓದಿಸಿಕೊಂಡು, ಮಗನಿಗೆ ಹೇಳಿದಳಂತೆ: “ನನ್ನ ಕಾಲಕ್ಕ ಇದರಾಗ ಒಂದು ಮನಿಗೂ ಬಣ್ಣ ಇರಲಿಲ್ಲಪ್ಪ. ಇಕಿದು ಎರಡು ಉಳದಾವು. ಎರಡು ತುಂಬಾಕ ಆಗೂದಿಲ್ಲೇನು ನಿನಗ?” ಶಿರಸಿಯಲ್ಲಿ ಹುಡುಗಿಯ ಸೋದರತ್ತೆ ಇದ್ದಾರೆ. ವಾರದ ದಿನಗಳಲ್ಲಿ ಅವರ ಮನೆ, ಶನಿವಾರ ಊರು ಎಂದು ಮಾತಾಯಿತು. ಸಂಜೆಯ ಬಸ್ಸು ಬರಲಿಲ್ಲ. ಅದರ ಚೌಕವನ್ನು ಬಳಸಿಕೊಂಡು ಹೋಗುವ ಇನ್ನೊಂದು ಗೆರೆ ಸಿಕ್ಕಿತು. ಹಳ್ಳೂರಿನ ಜನ ಕಂಚಿಗೆ ಕಾಯದ ಹಾಗೆ.

ಇತಿಹಾಸವನ್ನು ಏಣಿ ಎಂದು ಕಲಿಸಿದರೆ ಮೆಟ್ಟಿಲು ತಪ್ಪಿದವರು ಕೆಳಗೇ ನಿಲ್ಲಬೇಕು. ಹಣೆಬರಹ ಎಂದು ಕಲಿಸಿದರೆ ಕವಡೆ ಬೀಳುವವರೆಗೆ ಕಾಯಬೇಕು. ಹಿಂದೆ ಏನಿತ್ತು ಎಂದು ಬೆರಳಿಟ್ಟು ಕೇಳುತ್ತಾ ಹೋದರೆ ಮಾತ್ರ, ಈಗ ನನ್ನ ಕೈಯಲ್ಲಿ ಆಗಬೇಕಾದ್ದು ಏನು ಎಂಬಲ್ಲಿಗೆ ಬಂದು ಮುಟ್ಟುತ್ತೇವೆ. ನೀವೂ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಸರಿ, ನಿಮ್ಮ ಮನೆಯ ಹೆಣ್ಣುಮಕ್ಕಳ ಚಾರ್ಟೊಂದನ್ನು ಬರೆದುನೋಡಿ. ಅತ್ತೆ, ಅಮ್ಮ, ಅಜ್ಜಿ ಇದ್ದರೆ ಈಗಲೇ ಕೇಳಿಕೊಳ್ಳಿ. ಆ ಕುಲುಮೆಗಳೂ ಆರುತ್ತಿವೆ.

ನಮ್ಮ ಕ್ಲಾಸಿನ ಚಾರ್ಟು ಎರಡು ಮಳೆಗಾಲ ಕಂಡಿತು. ಗೋಡೆಯ ತೇವಕ್ಕೆ ಅಂಚು ಕಪ್ಪಾಗಿದೆ. ತೆಗೆದು ಹೊಸದು ಹಾಕೋಣ ಎಂದರೆ ಈಗಿನ ಒಂಬತ್ತನೆಯವರು ಒಪ್ಪಲಿಲ್ಲ. ಬಲಗಡೆಗೆ ಇನ್ನೊಂದು ಹಾಳೆ ಅಂಟಿಸಿಕೊಂಡಿದ್ದಾರೆ. ಅದರ ಮೊದಲ ಚೌಕ ಆ ಹುಡುಗಿಯದು. ‘ಅಕ್ಕ ಶಿರಸಿಗೆ ಹೋದಳು’ ಎಂದು ಬರೆದಿದ್ದಾರೆ. ಅಲ್ಲಿಂದ ಮುಂದಕ್ಕೆ ಈಗಾಗಲೇ ಮೂರು ಗೆರೆಗಳನ್ನು ಎಳೆದಾಗಿದೆ.